ಕೊರಳಿನ ಅಳತೆ

ಸ್ಯಾನ್ ಪೀಡ್ರೊ
೨೦ ನವೆಂಬರ್ ೨೦೨೪

ಪ್ರೀತಿಯ ಸಾವಿತ್ರಕ್ಕನಿಗೆ, ತಮ್ಮ ಸಂಗನಬಸಪ್ಪನ ಶರಣಾರ್ಥಿಗಳು.

ನಿನ್ನ ಪತ್ರ ಬಂದ ಮೇಲೆ ದಸರೆಯೂ ಹೋಯಿತು, ದೀಪಾವಳಿಯೂ ಹೋಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈದರೂ ಬೈ, ನಿನ್ನ ಬೈಗುಳ ಕೇಳಿ ಬಹಳ ದಿನವಾಯಿತು. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ವಿಡಿಯೋದಲ್ಲಿ ನನ್ನ ಬೋಳುತಲೆ ಬಿಟ್ಟರೆ ಏನೂ ಕಾಣುವುದಿಲ್ಲ ಎನ್ನುತ್ತೀ. ಹಾಗಾಗಿ ನಮಗಿಬ್ಬರಿಗೂ ಕಾಗದವೇ ಗತಿ. ಆದರೆ ಬಂದರಿನ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ನನ್ನಲ್ಲಿ ಏನೂ ಉಳಿದಿರುವುದಿಲ್ಲ ಅಕ್ಕಾ. ಯಾವ ಹಡಗಿನ ಕಂಟೇನರ್ ಎಲ್ಲಿಗೆ ಹೋಗಬೇಕು ಎಂದು ದಿನವಿಡೀ ಹೇಳಿ ಹೇಳಿ, ಮನೆಯಲ್ಲಿ ಚಹಾದ ಕಪ್ಪು ಎಲ್ಲಿಟ್ಟೆ ಎಂಬುದೇ ಮರೆತುಹೋಗುತ್ತದೆ.

ಪ್ರತಿ ವರ್ಷದಂತೆ ಗಂಡ, ಹೆಂಡತಿ, ಮಗ ನಮ್ಮ ಮೂವರಿಗೂ ಲಿಂಗ ಕಟ್ಟಿಕೊಳ್ಳುವ ಶಿವದಾರ ಹೊಸೆಯಲು ಕೂತಿದ್ದೀಯಂತೆ. ಶರಣುವಿನ ಕೊರಳು ಈಗ ಎಷ್ಟು ದಪ್ಪವಿದೆ, ಅಳತೆ ತೆಗೆದು ಬರೆ ಎಂದಿದ್ದೀ. ಅವನಿಗೆ ಲಿಂಗ ಕಟ್ಟಿಸಿದ ದಿನ ತೊಡೆಯ ಮೇಲೆ ಕೂರಿಸಿಕೊಂಡವಳು ನೀನು, ಕೇಳುವ ಹಕ್ಕು ನಿನಗಿದೆ. ಅದನ್ನು ಕೊನೆಗೆ ಬರೆಯುತ್ತೇನೆ.

ಸುವರ್ಣಾ ಆರಾಮಾಗಿದ್ದಾಳೆ. ಇಲ್ಲಿ ಸಿಗುವ ಜೋಳದ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿ ಹರಿಯುತ್ತದೆ ಎಂದು ಅಂಗಡಿಯವನ ಜೊತೆ ಜಗಳವಾಡಿ ಬಂದಳು. ಮರುದಿನ ಅದೇ ಅಂಗಡಿಯಿಂದ ಅದೇ ಹಿಟ್ಟು ತಂದಳು.

ಇನ್ನು ಶರಣುವಿನ ಸುದ್ದಿ. ಅವನು ಕಾಲೇಜಿನಲ್ಲಿ ಆಡುತ್ತಿದ್ದದ್ದು ಇಲ್ಲಿಯ ಫುಟ್ಬಾಲು, ನಮ್ಮ ಕಡೆಯದಲ್ಲ. ತೆಂಗಿನಕಾಯಿಯಂಥ ಚೆಂಡನ್ನು ಎದೆಗವಚಿಕೊಂಡು ಓಡುತ್ತಾರೆ. ನಮ್ಮವನಿಗೆ ಆ ಚೆಂಡು ಮುಟ್ಟುವ ಭಾಗ್ಯವೂ ಇರಲಿಲ್ಲ. ಓಡುವವನ ಮೇಲೆ ಯಾರೂ ಬೀಳದಂತೆ ಅಡ್ಡ ನಿಲ್ಲುವುದೇ ಅವನ ಕೆಲಸ. ಆಗೆಲ್ಲ ಲಿಂಗದ ಕರಡಿಗೆಯನ್ನು ಎದೆಗೆ ಟೇಪಿನಿಂದ ಅಂಟಿಸಿ, ಮೇಲೆ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ. ತೆಗೆದಿಡು ಎಂದ ಕೋಚ್‌ಗೆ, ಇದು ನನ್ನ ಮೈಮೇಲೇ ಇರುತ್ತದೆ ಎಂದು ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದನಂತೆ. ಬಸವ ಜಯಂತಿಗೆ ಸೇರಿದವರ ಮುಂದೆಲ್ಲ ನಾನು ಅದನ್ನೇ ಹೇಳಿಕೊಂಡು ತಿರುಗಿದೆ. ಮಗ ನಮ್ಮ ಭಾಷೆ ಆಡಲಿಲ್ಲ, ನಮ್ಮ ಓದು ಓದಲಿಲ್ಲ, ಆದರೆ ಇದೊಂದನ್ನು ಬಿಡಲಿಲ್ಲವಲ್ಲ ಎಂಬ ಹಿಗ್ಗು.

೨೦೨೦ರಲ್ಲಿ ಕೊರೊನಾ ಬಂದು ಆಟ ನಿಂತಿತು. ಮತ್ತೆ ಶುರುವಾದಾಗ ಅವನ ಭುಜ ಜಾರಿತು. ಕಾಲೇಜು ಮುಗಿದ ಮೇಲೆ ದೊಡ್ಡ ತಂಡಗಳು ಕರೆಯುತ್ತವೆಂದು ಫೋನನ್ನು ಮುಂದಿಟ್ಟುಕೊಂಡು ಕೂತ. ಯಾರೂ ಕರೆಯಲಿಲ್ಲ. ಆಳು ಗೋಡೆಯಷ್ಟಿದ್ದವನು ಸೋಫಾದ ಮೂಲೆಯಲ್ಲಿ ಮುದುಡಿ ಕೂರುವುದನ್ನು ನೋಡಲಾಗದೆ ನಾನು ಬಂದರಿಗೆ ಬೇಗನೇ ಹೊರಟುಬಿಡುತ್ತಿದ್ದೆ.

ಹೋದ ವರ್ಷ ಒಂದು ದಿನ ಊಟಕ್ಕೆ ಕೂತಾಗ ಕುಸ್ತಿ ಕಲಿಯುತ್ತೇನೆ ಎಂದ. ಲಾಸ್ ಏಂಜಲೀಸಿನಲ್ಲಿ ಒಂದು ಗೋದಾಮಿನಲ್ಲಿ ಕಲಿಸುತ್ತಾರಂತೆ. ಮಣ್ಣಿನ ಕುಸ್ತಿಯಲ್ಲ ಅಕ್ಕಾ, ಹಗ್ಗ ಬಿಗಿದ ಕಟ್ಟೆಯ ಮೇಲೆ ವೇಷ ಹಾಕಿ ಆಡುವುದು. ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತಿರುತ್ತದೆ.

ಸುವರ್ಣಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಸೋಲೂದು ಮೊದಲ ಗೊತ್ತಿದ್ರ, ಬಿದ್ದು ಮೈ ಯಾಕ ಮುರ್ಕೋಬೇಕೋ?"

"ದಟ್ಸ್ ದಿ ಜಾಬ್, ಅಮ್ಮಾ," ಅಂದ. ಬೀಳುವವನು ಸರಿಯಾಗಿ ಬೀಳದಿದ್ದರೆ ಎತ್ತಿ ಒಗೆಯುವವನು ಗೆಲ್ಲುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಕಳೆ ಕಂಡಿತ್ತು. ದೊಡ್ಡಾಟದ ರಾಕ್ಷಸನಿಗೂ ತಾನು ಸಾಯುವುದು ಗೊತ್ತೇ ಇರುತ್ತದಲ್ಲ ಎಂದು ನಾನು ಸುವರ್ಣಾಗೆ ಸಮಾಧಾನ ಹೇಳಿದೆ.

ಆದರೆ ಅಲ್ಲಿ ಬರಿಮೈ. ಪ್ಯಾಡ್ ಇಲ್ಲ, ಅಡಗಿಸಲು ಜಾಗವಿಲ್ಲ. ಕರಡಿಗೆ ಬಡಿದರೆ ಎದುರಿನವನ ಹಲ್ಲು ಹೋದೀತು, ದಾರ ಸಿಕ್ಕಿದರೆ ಇವನ ಕುತ್ತಿಗೆಯೇ ಬಿಗಿದೀತು, ಕೊರಳಲ್ಲಿ ಏನೂ ಇರಬಾರದು ಎಂದು ಕಲಿಸುವವನ ಕಟ್ಟಪ್ಪಣೆ. ಅವನದೂ ತಪ್ಪಲ್ಲ. ಶರಣು ಅದನ್ನು ತೆಗೆದು ಕಾರಿನ ಡಬ್ಬದಲ್ಲಿ ಇಡತೊಡಗಿದ. ನನಗೆ ತಡೆಯಲಾಗಲಿಲ್ಲ. "ಆಟ ಇದ್ದಾಗ ನಾ ಬರ್ತೀನಿ, ನನ್ನ ಕೊರಳಾಗ ಹಾಕು, ಮುಗಿದ ಮ್ಯಾಲೆ ತಗೋ. ಮೈಮ್ಯಾಲಿಂದ ಮೈಮ್ಯಾಲರೆ ಇರಲಿ," ಅಂದೆ. ಒಪ್ಪಿದ. ಆಮೇಲೆ ಪ್ರತಿ ಆಟ ಮುಗಿದೊಡನೆ ಬೆವರು ಕೂಡ ಒರೆಸಿಕೊಳ್ಳದೆ ಬಂದು ನನ್ನ ಮುಂದೆ ಕೈ ಚಾಚುತ್ತಿದ್ದ. ಅಷ್ಟು ಸಾಕಾಗಿತ್ತು ನನಗೆ.

ಕಳೆದ ಭಾನುವಾರ ಸ್ಯಾನ್ ಡಿಯಾಗೊದಲ್ಲಿ ಅವನ ದೊಡ್ಡ ಆಟ. ಅವನ ಭುಜಕ್ಕೆ ವಿಶ್ರಾಂತಿ ಬೇಕೆಂದು ನಾನೇ ಡ್ರೈವ್ ಮಾಡಿದೆ. ಡೆಲ್ ಮಾರ್‌ನಲ್ಲಿ ಸಮುದ್ರದ ಪಕ್ಕ ಕಾರು ನಿಲ್ಲಿಸಿ ಸುವರ್ಣಾ ಕಟ್ಟಿಕೊಟ್ಟ ರೊಟ್ಟಿ ತಿಂದೆವು. ಅಲ್ಲೇ ಲಿಂಗ ತೆಗೆದು ನನ್ನ ಕೊರಳಿಗೆ ಹಾಕಿದ. "ಅಪ್ಪಾ, ನೋ ಕ್ಲ್ಯಾಪಿಂಗ್," ಎಂದು ಎಚ್ಚರಿಸಿದ. ಅವನದು ಖಳನ ಪಾತ್ರ, ಜನ ಬೈದಷ್ಟೂ ಅವನಿಗೆ ಹೆಸರು.

ಏನು ವೇಷ ಗೊತ್ತೇನು? ಎಂಜಿನಿಯರ್! ಎಂಜಿನಿಯರ್ ಆಗು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು, ಕೊನೆಗೂ ಆದ. ನನ್ನ ಹಳೆಯ ಟೈ, ನನ್ನ ಹಳೆಯ ಕನ್ನಡಕ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಎಲ್ಲ ಆಟ ಶುರುವಾಗುವವರೆಗೆ ಮಾತ್ರ. ಕೈ ಹಿಂದೆ ಕಟ್ಟಿಕೊಂಡು ಗದ್ದ ಮೇಲೆತ್ತಿ ನಡೆದು ಬಂದ. ಜನ ನಕ್ಕರು, ಆಮೇಲೆ ಹುಯಿಲೆಬ್ಬಿಸಿದರು. ನನ್ನ ನಡಿಗೆ ಹಾಗಿದೆ ಎಂದು ಈ ವಯಸ್ಸಿಗೆ ಗೊತ್ತಾಯಿತು. ಸಿಟ್ಟು ಬಂತೋ ನಗು ಬಂತೋ ಹೇಳಲಾರೆ, ಎರಡೂ ಬಂದಿರಬೇಕು.

ಪಕ್ಕದಲ್ಲಿದ್ದ ಹೆಂಗಸು ನನ್ನ ಕೈಗಿಷ್ಟು ಪಾಪ್‌ಕಾರ್ನ್ ಸುರಿದು, ನೀವ್ಯಾಕೆ ಸುಮ್ಮನಿದ್ದೀರಿ, ಬೈಯಿರಿ ಅವನಿಗೆ ಎಂದಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು "ಬೂ" ಅಂದೆ. ಹೆತ್ತ ಮಗನಿಗೆ ಅಕ್ಕಾ. ಮೆಲ್ಲಗೇ ಅಂದೆ, ಆದರೂ ಅಂದೆ.

ಎದುರಿನವನು ಆ ಗುರುತಿನ ಚೀಟಿ ಕಿತ್ತು ಜನರತ್ತ ಎಸೆದು, ಇವನನ್ನು ಎತ್ತಿ ನೆಲಕ್ಕೆ ಬಡಿದ. ಬಿದ್ದದ್ದು ಸುಳ್ಳು ಎನ್ನುತ್ತಾರೆ, ಹಲಗೆಯ ಸದ್ದು ಮಾತ್ರ ನಿಜ. ನನ್ನ ಕೈ ತಾನಾಗಿ ಅಂಗಿಯೊಳಗಿನ ಕರಡಿಗೆಯನ್ನು ಹಿಡಿದಿತ್ತು.

ಮುಗಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಎಲ್ಲರೂ ಕೂಡಿ ಊಟಕ್ಕೆ ಹೋದೆವು. ಶರಣು ನನಗಾಗಿ ಮಾಂಸವಿಲ್ಲದ ಅನ್ನ, ಬೀನ್ಸು ಹೇಳಿದ. ಅವನು ಗೆಳೆಯರ ಜೊತೆ ಅಲ್ಲೇ ಉಳಿದ. ನಾನೊಬ್ಬನೇ ಡ್ರೈವ್ ಮಾಡಿಕೊಂಡು ಬಂದೆ. ದಾರಿ ಅಷ್ಟು ಉದ್ದವೆಂದು ಹೋಗುವಾಗ ಅನ್ನಿಸಿರಲಿಲ್ಲ.

ನಿನ್ನ ಕಣ್ಣಿನ ಔಷಧಿ ತಪ್ಪಿಸಬೇಡ. ಮೊಮ್ಮಗಳು ರಕ್ಷಿತಾಗೆ ನಮ್ಮಿಬ್ಬರ ಆಶೀರ್ವಾದ ಹೇಳು. ಬಸವಣ್ಣ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ಈಗ ಅದು ಬೇಕಾಗಿದೆ.

ನಿನ್ನ ತಮ್ಮ,
ಸಂಗನಬಸಪ್ಪ

ತಾ.ಕ.: ಅಳತೆ ಬರೆಯಲು ಮರೆತಿಲ್ಲ ಅಕ್ಕಾ, ಕೈ ಬರಲಿಲ್ಲ. ಅವತ್ತು ಸ್ಯಾನ್ ಡಿಯಾಗೊದಲ್ಲಿ ಊಟ ಮುಗಿಯುವವರೆಗೂ ಶರಣು ಲಿಂಗಕ್ಕೆ ಕೈ ಚಾಚಲಿಲ್ಲ. ಕಾರಿನ ಹತ್ತಿರ ನಾನೇ ಅಂಗಿಯ ಗುಂಡಿ ಬಿಚ್ಚಿ ಲಿಂಗ ತೆಗೆಯಲು ಹೋದೆ. ನನ್ನ ಕೈ ಹಿಡಿದುಕೊಂಡ. "ನಿಮ್ಮ ಹತ್ರನ ಇರ್ಲಿ ಅಪ್ಪಾ. ನನಗ ಬ್ಯಾಡ," ಅಂದ. ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು ಇದೊಂದನ್ನು ನಮ್ಮ ಮಾತಿನಲ್ಲಿ ಹೇಳಿದ. ನನಗೆ ಚೆನ್ನಾಗಿ ತಿಳಿಯಲಿ ಎಂದಿರಬೇಕು.

ಸುವರ್ಣಾಗೆ ಇನ್ನೂ ಹೇಳಿಲ್ಲ. ಮೇಲಿನ ಗುಂಡಿ ಹಾಕಿಕೊಂಡೇ ಓಡಾಡುತ್ತಿದ್ದೇನೆ. ಇನ್ನೊಬ್ಬರ ಲಿಂಗ ಧರಿಸುವುದು ಸರಿಯೋ ತಪ್ಪೋ ಎಂದು ಮಠಕ್ಕೆ ಹೋಗಿ ಕೇಳಬೇಡ, ತಪ್ಪು ಅಂದರೂ ಎಲ್ಲಿಡಲಿ? ಅವನ ದಾರ ಬೆವರಿಗೆ ನವೆದುಹೋಗಿದೆ. ಹೊಸದನ್ನು ನನ್ನ ಕೊರಳಿನ ಅಳತೆಗೇ ಹೊಸೆ.

ಬೇಡ, ತುಸು ಉದ್ದವೇ ಬಿಡು. ಎಂದಾದರೂ ಕೇಳಿದರೆ ಅವನ ಕೊರಳಿಗೂ ಸಾಲಬೇಕು.