ಪೂಜೆಗಿಟ್ಟ ಕೊಡಲಿ

ಹೊಸಕೊಪ್ಪ, ತಾಳಗುಪ್ಪ ಹತ್ತಿರ
ಸಾಗರ ತಾಲ್ಲೂಕು
೮-೩-೨೦೨೬, ಭಾನುವಾರ

ಪ್ರೀತಿಯ ದೀಪು,

ಹೇಗಿದ್ದೀಯ ಮಾರಾಯ? ಹೊನ್ನಾವರದ ಸೆಕೆಗೆ ನಿನ್ನ ಬೆನ್ನೆಲ್ಲ ಬೆವರುಸಾಲೆ ಎದ್ದು ಅಂಗಿ ಹಾಕಿಕೊಳ್ಳಲಾಗದೆ ಒದ್ದಾಡುತ್ತಿದ್ದೀಯ ಎಂದು ಮೀನಿನ ಗಾಡಿಯ ಕನ್ನಪ್ಪ ಹೇಳಿದ. ಬೋಟಿನ ಇಂಜಿನ್ ರಿಪೇರಿ ಮಾಡುವ ಶೆಡ್ಡಿನಲ್ಲೇ ಮಲಗುವುದಂತೆ, ಮೂರು ಹೊತ್ತೂ ಹೋಟೆಲಿನ ಊಟವಂತೆ. ಹೊಟ್ಟೆ ಕೆಡಿಸಿಕೊಳ್ಳಬೇಡ. ಒಣಗಿಸಿದ ಮುರುಗಲ ಸಿಪ್ಪೆ ಕಟ್ಟಿ ಕಳಿಸಿದ್ದೇನೆ, ನೀರಿನಲ್ಲಿ ನೆನೆಹಾಕಿ ಸ್ವಲ್ಪ ಬೆಲ್ಲ ಸೇರಿಸಿ ಕುಡಿ, ಮೈ ತಂಪಾಗುತ್ತದೆ. ಮೀನಿನ ಗಾಡಿಯಲ್ಲಿ ಪತ್ರ ಕಳಿಸುವ ಕಾಲ ಇದಲ್ಲ ಎಂದು ನನಗೂ ಗೊತ್ತು. ಏನು ಮಾಡಲಿ, ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿಮ್ಮಣ್ಣನ ಫೋನ್ ಎತ್ತಬೇಡ, ಒಪ್ಪಿದೆ. ನನ್ನ ಫೋನ್ ನಿನಗೇನು ಮಾಡಿತ್ತು? ವಾಟ್ಸಾಪಿನಲ್ಲಿ ಹಾಕಿದರೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಓದುತ್ತೀಯ ಎಂದಾಯಿತಲ್ಲ. ಹಾಗಾದರೆ ಇದನ್ನೂ ಓದು.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಚೈತನ್ಯಾಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು. ಪುಸ್ತಕ ಹಿಡಿದರೆ ಅವಳಿಗೆ ನಿದ್ದೆ ಬರುತ್ತದೆ, ಮೊಬೈಲ್ ಹಿಡಿದರೆ ಬಂದ ನಿದ್ದೆಯೂ ಹೋಗುತ್ತದೆ. ಚಿಕ್ಕಪ್ಪ ಇದ್ದಿದ್ದರೆ ಗಣಿತ ಹೇಳಿಕೊಡುತ್ತಿದ್ದ ಎಂದು ನನ್ನ ಮೇಲೆ ರೇಗುತ್ತಾಳೆ, ನಾನೇ ನಿನ್ನನ್ನು ಬಸ್ಸು ಹತ್ತಿಸಿ ಕಳಿಸಿದ ಹಾಗೆ. ಅತ್ತೆಯ ಮಂಡಿ ನೋವು ಈ ಸಲದ ಚಳಿಯಲ್ಲಿ ಜಾಸ್ತಿಯಾಯಿತು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸುಡು ಸುಡು ನೀರು ಹಾಕಿದರೆ ಮಾತ್ರ ಏಳುತ್ತಾರೆ. ಗ್ಯಾಸು ಅಡುಗೆಗೇ ಸಾಲುವುದಿಲ್ಲ. ಬಚ್ಚಲ ಹಂಡೆಗೆ, ದನಗಳ ಅಕ್ಕಚ್ಚು ಕಾಯಿಸುವುದಕ್ಕೆ ಸೌದೆಯೇ ಆಗಬೇಕು. ಸೌದೆಯ ಮಾತು ಬಂತಲ್ಲ, ಇನ್ನು ನಾನು ಸುಮ್ಮನಿರುವವಳಲ್ಲ.

ನಿನ್ನ ಕೊಡಲಿ ಇನ್ನೂ ದೇವರ ಮುಂದೆ, ನೀನು ಆಯುಧ ಪೂಜೆಯ ದಿನ ಇಟ್ಟ ಹಾಗೇ ಇದೆ. ಅದಕ್ಕೆ ಹಾಕಿದ ಚೆಂಡು ಹೂ ಒಣಗಿ ಪುಡಿಯಾಗಿ ಉದುರಿತು, ಕುಂಕುಮ ಕಪ್ಪಾಗಿದೆ. ಅವತ್ತು ನಾನು ನನ್ನ ಕತ್ತಿ ಇಟ್ಟೆ, ನಿಮ್ಮಣ್ಣ ಹಾರೆ ಗುದ್ದಲಿ ಇಟ್ಟರು, ನೀನು ಕೊಡಲಿ ಇಟ್ಟೆ. ಮರುದಿನ ಅವರವರದು ಅವರವರು ಎತ್ತಿಕೊಂಡೆವು. ನೀನು ಎತ್ತುವ ಹೊತ್ತಿಗೆ ಎಲ್ಲಿದ್ದೆ? ಬೆಳಗಿನ ಮೊದಲ ಬಸ್ಸಿಗೇ ಬ್ಯಾಗು ಹಾಕಿಕೊಂಡು ಹೋಗಿಯಾಗಿತ್ತು. ನಮ್ಮ ಬೇರೆ ನೆಂಟರ ಮನೆಯಲ್ಲಾಗಿದ್ದರೆ ಯಾರೋ ಒಬ್ಬರು ಎತ್ತಿ ಕೊಟ್ಟಿಗೆಗೆ ಸಿಕ್ಕಿಸುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. ಅತ್ತೆ ಮುಳುಗಡೆಯ ಕಡೆಯವರು ನೋಡು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಹೋಯಿತು, ಪದ್ಧತಿ ಮಾತ್ರ ತಲೆಯ ಮೇಲೆ ಹೊತ್ತು ತಂದರು. "ಇಟ್ಟ ಕೈಯೇ ಎತ್ಬೇಕು. ಇಟ್ಟೋನು ಸತ್ರೆ, ಇಲ್ಲಾ ಅವ್ನು ಇನ್ನು ಈ ಮನೆಯವ್ನಲ್ಲ ಅಂತ ಬಿಟ್ರೆ ಮಾತ್ರ ಬೇರೆಯವ್ರು ಎತ್ತೋದು" ಎಂದರು. ಎತ್ತಲು ಹೋದ ನಿಮ್ಮಣ್ಣ ಕೈ ಹಿಂದಕ್ಕೆ ತೆಗೆದರು.

ನೀನು ಮಷಿನ್ ತರಿಸಿ ಕೊಯ್ಯಿಸಿ ಹಾಕಿದ್ದೆಯಲ್ಲ, ಗಾಳಿಗೆ ಬಿದ್ದ ಆ ಮತ್ತಿ ಮರ, ಅದರ ತುಂಡುಗಳೆಲ್ಲ ಹಿತ್ತಲಿನಲ್ಲಿ ಕೂತಿದ್ದವು. "ಹಬ್ಬ ಮುಗೀಲಿ ಅತ್ತಿಗೆ, ಒಂದೇ ವಾರದಲ್ಲಿ ಎಲ್ಲಾ ಒಡ್ದು ಬಿಸಾಕ್ತೀನಿ" ಎಂದಿದ್ದೆ. ಹಬ್ಬ ಮುಗಿಯಿತು. ಒಡೆಯುವವಳು ನಾನಾದೆ, ಅದೂ ಕೊಡಲಿ ಇಲ್ಲದೆ. ಮೊದಮೊದಲು ಸಣ್ಣ ತುಂಡು ಆರಿಸಿಕೊಂಡೆ. ಕೊಯ್ದ ಮುಖ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ, ಆ ಬಿರುಕಿನ ಮೇಲೆ ಕತ್ತಿ ಇಟ್ಟು, ಕತ್ತಿಯ ಬೆನ್ನಿಗೆ ಒಂದು ಕೊರಡಿನಿಂದ ಬಡಿಯುವುದು. ಕತ್ತಿ ಒಳಗೆ ಕಚ್ಚಿಕೊಂಡರೆ ತುಂಡು ಸಮೇತ ಎತ್ತಿ ಕಲ್ಲಿಗೆ ಅಪ್ಪಳಿಸುವುದು. ನೆಟ್ಟಗಿನ ನಾರಿದ್ದರೆ ಚಟ್ಟನೆ ಎರಡಾಗುತ್ತದೆ. ಗಂಟಿದ್ದರೆ ಮಾತ್ರ ಸತ್ತರೂ ಬಿಡುವುದಿಲ್ಲ, ಕತ್ತಿಯನ್ನು ವಾಪಸು ಕೀಳುವುದೇ ಒಂದು ಕೆಲಸ. ಹಾಗೆ ಕೀಳುವಾಗ ಹಿಡಿ ಕಳಚಿ ನಾನು ಹಿಂದಕ್ಕೆ ಬಿದ್ದು ಸೊಂಟ ಉಳುಕಿಸಿಕೊಂಡೆ. ಚೈತನ್ಯಾ ಮೊದಲು ನಕ್ಕಳು, ಆಮೇಲೆ ಎಣ್ಣೆ ಹಚ್ಚಿದಳು.

ದೊಡ್ಡ ತುಂಡಿಗೆ ಕತ್ತಿ ಎಲ್ಲಿ ಸಾಲುತ್ತದೆ? ಆಗ ನಿಮ್ಮಣ್ಣನಿಗೆ ಸ್ವಲ್ಪ ಬುದ್ಧಿ ಓಡಿತು. ಅಟ್ಟದ ಮೇಲೆ ಹಳೇ ನೇಗಿಲಿನ ಗುಳ ತುಕ್ಕು ಹಿಡಿದು ಬಿದ್ದಿತ್ತು. ಟಿಲ್ಲರ್ ಬಂದ ಮೇಲೆ ಅದನ್ನು ಯಾರು ಕೇಳಿದ್ದರು? ಅದರ ಚೂಪು ತುದಿಯನ್ನು ಬಿರುಕಿಗೆ ಕೊಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಒಳ್ಳೇ ಬೆಣೆಯ ಹಾಗೆ ಇಳಿಯುತ್ತದೆ. ಬಾಯಿ ಬಿಟ್ಟ ಜಾಗಕ್ಕೆ ಹಾರೆ ತೂರಿಸಿ ಮೀಟಬೇಕು. ಅತ್ತೆ ಜಗಲಿಯ ಮೇಲೆ ಕೂತು ನೋಡಿದರು. ಬೈಯುತ್ತಾರೇನೋ ಎಂದು ನಾನು ಹೆದರಿದ್ದೆ. "ಗುಳ ಪೂಜೆಗಿಟ್ಟಿರ್ಲಿಲ್ಲ, ಅಡ್ಡಿಲ್ಲ. ನಡು ನೋಡ್ಕಂಡು ಹೊಡಿರೇ" ಎಂದರು. ಒಣಗಿದ ಕಟ್ಟಿಗೆಯಲ್ಲೇ ಬೆಣೆ ಕೆತ್ತಿ, ಬಿರುಕಿಗೆ ಬಡಿದು, ಮೇಲಿನಿಂದ ನೀರು ಹಾಕುತ್ತಿದ್ದರೆ ಬೆಣೆ ಉಬ್ಬಿ ಮರ ತಾನಾಗಿ ಸೀಳುತ್ತದೆ ಎಂದೂ ಅವರೇ ಹೇಳಿಕೊಟ್ಟರು. ಅದೂ ಮಾಡಿದೆ. ಎರಡು ತುಂಡು ಸೀಳಿತು, ಉಳಿದವು ನೀರು ಕುಡಿದು ಸುಮ್ಮನೆ ಕೂತವು. ಒಣಗಲು ಹಾಕಿದ ಸೌದೆಗೆ ನಾನೇ ಕೊಡಪಾನ ಹೊತ್ತು ನೀರು ಹೊಯ್ದಂತಾಯಿತು. ಚೈತನ್ಯಾ ಮೊಬೈಲಿನಲ್ಲಿ ಹುಡುಕಿ, ಹಳೇ ಟೈರಿನೊಳಗೆ ತುಂಡು ನಿಲ್ಲಿಸಿದರೆ ಅದು ಉರುಳುವುದಿಲ್ಲ ಎಂದು ತೋರಿಸಿದಳು. ನಿನ್ನ ಬೈಕಿನ ಹಳೇ ಟೈರು ಈಗ ಹಿತ್ತಲಿನಲ್ಲಿ ಆ ಸೇವೆಗಿದೆ. ಆ ವಿಡಿಯೋದಲ್ಲಿ ಒಬ್ಬ ಹೆಂಗಸು ಬಿಳಿ ಪ್ಯಾಂಟು ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ ಸೌದೆ ಸೀಳುತ್ತಾಳೆ ಮಾರಾಯ. ನನಗೆ ಅಳು ಬಂತು.

ಬೇರೆ ಕೊಡಲಿ ಇಲ್ಲವೇ ಊರಿನಲ್ಲಿ ಎಂದು ನೀನು ಕೇಳಬಹುದು. ನಿಮ್ಮಣ್ಣ ಸಾಗರದ ಸಂತೆಯಿಂದ ಹೊಸದೇ ತಂದಿದ್ದರು. "ಒಂದು ದೇವ್ರ ಮುಂದೆ ಕಾಯ್ತಾ ಇರೋವಾಗ ಇನ್ನೊಂದನ್ನ ಮರಕ್ಕೆ ಹಾಕ್ತೀಯಾ? ಅವ್ನ ಜಾಗಕ್ಕೆ ಬೇರೆಯೋನ್ನ ತಂದಂಗಾಯ್ತಲ್ಲ" ಎಂದು ಅತ್ತೆ ಅವತ್ತು ಊಟ ಬಿಟ್ಟರು. ಕೊಡಲಿ ಬಂದ ದಾರಿಯಲ್ಲೇ ಸಂತೆಯ ಅಂಗಡಿಗೆ ವಾಪಸು ಹೋಯಿತು. ಸೀಳುವ ಮಷಿನ್ ತರುತ್ತೇನೆ ಎಂದದ್ದಕ್ಕೂ ಅದೇ ಮಾತು. ಆಮೇಲೆ ನಿಮ್ಮಣ್ಣನ ಪಾಡು ಹೇಳುವುದೇ ಬೇಡ. ಮುಖ ಗಂಟು ಹಾಕಿಕೊಂಡು ಗದ್ದೆಗೆ ಹೋಗುತ್ತಾರೆ, ಗಂಟು ಬಿಚ್ಚದೆ ಬರುತ್ತಾರೆ.

ನಿಮ್ಮಣ್ಣ ಅವತ್ತು ಆಡಿದ್ದು ತಪ್ಪು. ಆಯುಧ ಪೂಜೆಯ ಸಂಜೆ ಹೊಸನಗರದಿಂದ ನಿನ್ನನ್ನು ನೋಡಲು ಹೆಣ್ಣಿನ ಕಡೆಯವರು ಬಂದು ಕೂತಿದ್ದಾಗ, "ನಮ್ಮ ದೀಪಕಂಗೆ ಕೊಡ್ಲಿ ಪೂಜೆ ಮಾಡೋಕೆ ಬರುತ್ತೆ, ಹಿಡಿಯೋಕೆ ಬರಲ್ಲ" ಎನ್ನಬಾರದಿತ್ತು. ತಮಾಷೆಯಂತೆ ತಮಾಷೆ! ಆ ಹುಡುಗಿಯ ಮಾವ ಹೊಟ್ಟೆ ಕುಲುಕಿಸಿ ನಕ್ಕಾಗ ನಿನ್ನ ಮುಖ ಸುಟ್ಟ ಹಾಗಾದದ್ದನ್ನು ನಾನು ನೋಡಿದ್ದೇನೆ. ಈ ಮನೆಯ ಒಲೆಗೆ ಇಷ್ಟು ವರ್ಷ ಸೌದೆ ಒಡೆದು ಹಾಕಿದವನು ನೀನು. ಅದನ್ನು ನಿಮ್ಮಣ್ಣನಿಗೆ ನಾನು ಹೇಳಿದ್ದೇನೆ, ಒಂದು ಸಲ ಅಲ್ಲ, ಹಾರೆ ಮೀಟುವಾಗೆಲ್ಲ ಹೇಳಿದ್ದೇನೆ. ಮೊನ್ನೆ ಗಂಟಿನ ತುಂಡೊಂದು ಅವರ ಹಾರೆಯನ್ನೇ ಬಗ್ಗಿಸಿತು. ಅದರ ಮೇಲೆ ಕೂತು, "ಅವ್ನು ಇದನ್ನ ಹೆಂಗೆ ಒಡೀತಿದ್ನೋ" ಎಂದರು. ನಿಮ್ಮಣ್ಣನ ಬಾಯಿಂದ ಇದಕ್ಕಿಂತ ದೊಡ್ಡ ಕ್ಷಮೆ ಬರುತ್ತದೆ ಎಂದು ಕಾಯಬೇಡ, ಬರುವುದಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಕಾಯುತ್ತಿದ್ದೇನೆ.

ನಿನ್ನ ಸಿಟ್ಟು ನಿನಗೆ, ಅವರ ಬಿಗುಮಾನ ಅವರಿಗೆ, ಅತ್ತೆಯ ಪದ್ಧತಿ ಅತ್ತೆಗೆ. ಮೂವರ ಹಟವನ್ನೂ ಸುತ್ತಿಗೆಯಲ್ಲಿ ಬಡಿಯುತ್ತಿರುವವಳು ನಾನು. ನನಗೆ ಸಾಕಾಗಿದೆ ದೀಪು. ರಟ್ಟೆ ರಾತ್ರಿಯೆಲ್ಲ ಸೆಳೆಯುತ್ತದೆ, ಅಂಗೈ ನೋಡಿದರೆ ನನಗೇ ಗುರುತು ಸಿಗುವುದಿಲ್ಲ, ರೊಟ್ಟಿ ತಟ್ಟುವಾಗ ಬೆರಳು ಮಡಚುವುದಿಲ್ಲ. ಇನ್ನೂ ಅರ್ಧ ಮರ ಹಾಗೇ ಇದೆ, ಮಳೆಗಾಲಕ್ಕೆ ಮೊದಲು ಒಳಗೆ ಸೇರಬೇಕು. ನೀನು ಇಲ್ಲೇ ಇರು ಎಂದು ನಾನು ಹೇಳುತ್ತಿಲ್ಲ. ಇಂಜಿನ್ ಕೆಲಸ ಕೈಗೆ ಹತ್ತಿದ್ದರೆ ಅದನ್ನೇ ಮಾಡು, ನನಗೆ ಖುಷಿಯೇ. ಒಂದು ಭಾನುವಾರ ಬಂದು, ಅಣ್ಣನ ಮುಖ ನೋಡದಿದ್ದರೂ ಸರಿ, ಆ ಕೊಡಲಿಯನ್ನು ದೇವರ ಮುಂದಿನಿಂದ ಎತ್ತಿ ನನ್ನ ಕೈಗೆ ಕೊಟ್ಟು ಹೋಗು. ಸಂಜೆಯ ಬಸ್ಸಿಗೇ ವಾಪಸು ಹೋಗು ಬೇಕಾದರೆ. ನನಗೆ ಅಷ್ಟು ಸಾಕು.

ಮೈ ನೋಡಿಕೋ. ಬೆವರುಸಾಲೆಗೆ ಪೌಡರ್ ಗೀಡರ್ ಸುರಿದುಕೊಳ್ಳಬೇಡ, ತಣ್ಣೀರಿನಲ್ಲಿ ಸ್ನಾನ ಮಾಡು. ಚೈತನ್ಯಾ ನೆನಪು ಹೇಳಿದ್ದಾಳೆ, ಪರೀಕ್ಷೆಗೆ ಮೊದಲು ಒಂದು ಫೋನ್ ಮಾಡಬೇಕಂತೆ. ಅತ್ತೆಯ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ, ನನ್ನದೂ.

ಇಂತಿ ನಿನ್ನ ಅತ್ತಿಗೆ,
ಪ್ರತಿಮಾ

ಮರೆತ ಮಾತು: ಪತ್ರ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಕನ್ನಪ್ಪ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಹೇಗೆ ಬಂದರೆ ಹಾಗೆ ಓದಿಕೋ. ಈಗಷ್ಟೇ ಹಿತ್ತಲಿನಲ್ಲಿ ಸದ್ದಾಯಿತು. ನಿಮ್ಮಣ್ಣನಿರಬೇಕು ಎಂದು ಹೋದರೆ ಅತ್ತೆ. ಅವರ ಕೈಯಲ್ಲಿ ನಿನ್ನ ಕೊಡಲಿ. ಆ ಮಂಡಿಯಲ್ಲಿ ನಿಲ್ಲಲಾಗದೆ ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದರು, ತುಂಡಿಗೆ ಗೀರು ಕೂಡ ಬಿದ್ದಿರಲಿಲ್ಲ. ನನ್ನನ್ನು ನೋಡಿ, "ತಗ, ನೀನೇ ಒಡಿ. ಅವ್ನು ಬರಲ್ಲ. ಈ ಮನೆಯವ್ನಲ್ಲ ಅಂತ ನಾನು ಬಿಟ್ಟೆ" ಎಂದು ಕೊಡಲಿ ನನ್ನ ಕಡೆ ಚಾಚಿದರು. ಇಷ್ಟು ತಿಂಗಳು ಅದಕ್ಕೇ ಬಾಯಿ ಬಾಯಿ ಬಿಟ್ಟವಳು ನಾನು, ಹಿಡಿಯಲು ಕೈ ಬರಲಿಲ್ಲ. ಏನು ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ, "ಯಾಕ್ ಬರಲ್ಲ? ನಾಳೆ ಕನ್ನಪ್ಪನ ಗಾಡೀಲೇ ಬರ್ತಾನೆ, ಬೆಳಿಗ್ಗೆ ಫೋನ್ ಮಾಡಿದ್ದ" ಎಂದುಬಿಟ್ಟೆ. ಅತ್ತೆ ನನ್ನ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೊಡಲಿಯನ್ನು ಗೋಡೆಗೆ ಒರಗಿಸಿ, ಕುಂಟುತ್ತ ಬಚ್ಚಲಿಗೆ ಹೋಗಿ ಈಗಲೇ ಹಂಡೆಗೆ ನೀರು ತುಂಬುತ್ತಿದ್ದಾರೆ, ನಿನಗೆ ಸ್ನಾನಕ್ಕಂತೆ. ಸೌದೆಯ ಮಾತು ಬಿಡು, ಮರ ಅಲ್ಲೇ ಗೆದ್ದಲು ಹಿಡಿಯಲಿ. ನಾಳೆ ಬೆಳಿಗ್ಗೆ ಕನ್ನಪ್ಪ ಅಲ್ಲಿಂದ ಮೀನು ತುಂಬಿಕೊಂಡು ಹೊರಡುವಾಗ ಗಾಡಿ ಹತ್ತು. ನಾನು ಸುಳ್ಳು ಹೇಳಿದ್ದೇನೆ ದೀಪು, ಅದು ಸುಳ್ಳಾಗದ ಹಾಗೆ ನೋಡಿಕೋ.