ಕೆಳಗಿನ ನೀರಿನ ಆರು ಬಾಟಲಿ

ತೋಟದ ಮನೆ, ಕಬ್ಬಾಳು ರಸ್ತೆ,
ಕನಕಪುರ ತಾಲ್ಲೂಕು
25-03-2025

ಪ್ರೀತಿಯ ಮೊಮ್ಮಗಳು ಶಾಲಿನಿಗೆ ನಿನ್ನ ತಾತ ಬರೆಯುವುದು.

ಹೇಗಿದ್ದೀಯ ಕೂಸೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮೈಸೂರಿನ ಹಾಸ್ಟೆಲ್ಲಿನಲ್ಲಿ ಮುದ್ದೆ ಸಿಗುವುದಿಲ್ಲವೆಂದು ನಿನ್ನ ಅಜ್ಜಿ ಚಿನ್ನಮ್ಮ ದಿನಕ್ಕೊಮ್ಮೆಯಾದರೂ ಮರುಗುತ್ತಾಳೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ರೇಷ್ಮೆಹುಳುಗಳು ಮೂರನೇ ಜ್ವರದಿಂದ ಎದ್ದು, ಪೊರೆ ಕಳಚಿ, ಚೆನ್ನಾಗಿ ಸೊಪ್ಪು ತಿನ್ನುತ್ತಿವೆ. ಫೋನು ಇರುವಾಗ ತಾತ ಕಾಗದ ಯಾಕೆ ಬರೆದ ಎಂದು ನಗಬೇಡ. ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಸಂಕ್ರಾಂತಿಗೆ ಬಂದಾಗ ನೀನು ಹೇಳಿದ್ದು ನನಗಿನ್ನೂ ಬಾಯಿಪಾಠವಿದೆ. ಹಳ್ಳದ ನೀರಿನಲ್ಲಿ ಬ್ಯಾಕ್ಟೀರಿಯಾ ಇರುತ್ತವೆ, ಅವನ್ನು ಹಿಡಿದು ಕೊಲ್ಲುವ ವೈರಸ್ಸುಗಳೂ ಇರುತ್ತವೆ. ಒಂದೊಂದು ವೈರಸ್ಸಿಗೂ ತನ್ನದೇ ಗುರುತಿನ ಬ್ಯಾಕ್ಟೀರಿಯಾ. ನಾವು ನೀರಿಗೆ ಬಿಡುವ ಸೋಪು, ಸೋಡಾ, ಔಷಧಿ ಈ ಇಬ್ಬರ ನಡುವೆ ಕೈ ಹಾಕುತ್ತವೆ. ಒಂದೊಂದು ಸಲ ವೈರಸ್ಸಿಗೆ ಹಿಡಿತವೇ ಸಿಗುವುದಿಲ್ಲ. ಒಂದೊಂದು ಸಲ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಸದ್ದಿಲ್ಲದೆ ಮಲಗಿದ್ದ ವೈರಸ್ಸು ಔಷಧಿ ತಾಗಿದೊಡನೆ ಎದ್ದು, ಇದ್ದ ಮನೆಯನ್ನೇ ಒಡೆದು ಹೊರಗೆ ಬರುತ್ತದೆ. ಕಥೆ ಹೇಳುವವನಿಗೆ ಇದಕ್ಕಿಂತ ಇನ್ನೇನು ಬೇಕು? ನಿನ್ನ ಸಂಶೋಧನೆಗೆಂದು ಹನ್ನೆರಡು ಬಾಟಲಿ ಕೊಟ್ಟು ಹೋದೆ. ಪ್ರತಿ ಸೋಮವಾರ ಬದ್ರುನ್ನೀಸಾಳ ನೂಲು ಬಿಚ್ಚುವ ಶೆಡ್ಡಿನ ಮೇಲುಗಡೆಯ ನೀರು ಒಂದು ಬಾಟಲಿ, ಗೂಡು ಬೇಯಿಸಿದ ನೀರು ಹಳ್ಳ ಸೇರುವ ಕೆಳಗಡೆ ಒಂದು ಬಾಟಲಿ. ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಐಸಿನ ಡಬ್ಬಿಯಲ್ಲಿ ಮೈಸೂರು ಬಸ್ಸಿಗೆ ಕೊಡಬೇಕು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕುತ್ತೇನೆ ತಾತ ಅಂದಿದ್ದೆ.

ಮೊದಲ ಸೋಮವಾರವೇ ನಿನ್ನ ಅಜ್ಜಿ ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಂತಳು. "ಆ ಗಬ್ಬುನೀರ್ನ ಹಾಲಿನ ಪಕ್ಕ ಇಕ್ಕುದ್ರೆ ನಾನು ಈ ಮನೇಲಿ ಕಾಪಿ ಕಾಯ್ಸಕಿಲ್ಲ." ಮೇಲಿನ ನೀರಿನ ಬಗ್ಗೆ ಅವಳ ತಕರಾರಿರಲಿಲ್ಲ. ಕೆಳಗಿನದು ಮಾತ್ರ ಸತ್ತ ಹುಳದ ವಾಸನೆ. ಐವತ್ತು ವರ್ಷದಿಂದ ಹುಳು ಸಾಕುತ್ತಿರುವ ಕೈ ನನ್ನದು. ವಾಸನೆ ಬಂದರೆ, ರೋಗ ಬಂದರೆ, ಹೊರಗಿನವರು ಹುಳುಮನೆ ಹೊಸಿಲು ತುಳಿದರೆ, ಈ ಕೈ ಹೋಗುವುದು ಬ್ಲೀಚಿಂಗ್ ಪುಡಿಯ ಡಬ್ಬಕ್ಕೇ. ಒಂದು ಚಿಟಿಕೆ ಹಾಕಿ ಮುಚ್ಚಳ ಬಿಗಿದೆ. ವಾಸನೆ ಹೋಯಿತು. ಆರು ವಾರವೂ ಕೆಳಗಿನ ಆರು ಬಾಟಲಿಗೂ ಹೀಗೇ ಹಾಕಿದೆ.

ಆಮೇಲೆ ನೀನು ಫೋನು ಮಾಡಿ, ಮೇಲಿನ ನೀರಿನಲ್ಲಿ ವೈರಸ್ಸುಗಳು ತುಂಬಿವೆ, ಕೆಳಗಿನದರಲ್ಲಿ ಒಂದೂ ಬದುಕಿಲ್ಲ, ಶೆಡ್ಡಿನ ನೀರಿನಲ್ಲಿ ಏನೋ ಇದೆ ಎಂದು ಸಂತೋಷಪಟ್ಟೆ. ಆಗ ನನಗೆ ಏನೂ ಹೊಳೆಯಲಿಲ್ಲ. ಸಂಜೆ ಅರಳಿಕಟ್ಟೆಯಲ್ಲಿ ಕೂತು, ಮೊಮ್ಮಗಳ ದೊಡ್ಡಸ್ತಿಕೆಯನ್ನು ಒಸಿ ಉಪ್ಪುಕಾರ ಹಚ್ಚಿ ಹೇಳಿದೆ. ಜನ ಬಾಯಿಬಿಟ್ಟುಕೊಂಡು ಕೇಳಿದರು. "ವೈರಸ್ಸೇ ಸತ್ತೋಯ್ತವೆ ಅಂದ್ರೆ, ಆ ನೀರು ಕುಡಿಯೋ ನಮ್ ಎಮ್ಮೆಗಳ ಗತಿ ಏನ್ರಪ್ಪಾ" ಅಂದ ಪಕ್ಕದ ತೋಟದ ಬೈರಪ್ಪ. ಮಾರನೆಯ ದಿನವೇ ಊರವರ ಸಹಿ ಹಾಕಿಸಿ ಪಂಚಾಯಿತಿಗೆ ಅರ್ಜಿ ಕೊಟ್ಟ. ತೀರ್ಮಾನವಾಗುವವರೆಗೆ ಒಲೆ ಹಚ್ಚಬೇಡಿ ಎಂದು ಬದ್ರುನ್ನೀಸಾಳಿಗೆ ಹೇಳಿದ್ದಾರೆ. ಒಂಬತ್ತು ದಿನವಾಯಿತು. ಅಲ್ಲಿ ನೂಲು ಬಿಚ್ಚುವ ಏಳು ಹೆಂಗಸರೂ ಮನೆಯಲ್ಲಿ ಕೂತಿದ್ದಾರೆ.

ನಿನ್ನೆ ಬದ್ರುನ್ನೀಸಾ ನಮ್ಮ ಜಗಲಿಗೆ ಬಂದಳು. ಜಗಳಕ್ಕೆಂದುಕೊಂಡೆ. ಸೆರಗಿನ ಅಡಿಯಿಂದ, ಶೆಡ್ಡಿನ ತೊಟ್ಟಿಯಲ್ಲಿ ಉಳಿದಿದ್ದ ನೀರಿನ ಒಂದು ಬಾಟಲಿ ತೆಗೆದು ನನ್ನ ಮುಂದಿಟ್ಟಳು. "ಗಂಗಣ್ಣ, ನನ್ ನೀರಲ್ಲಿ ಏನು ಇಸ ಐತೆ ಅಂತ ಮಗೀನ ಕೇಳಿ ಹೇಳಿ. ಅದೇನು ಅಂತ ಗೊತ್ತಾದ್ರೆ ನಾಳೆಯಿಂದ ಹಾಕಾಕಿಲ್ಲ." ಇಷ್ಟೇ. ಬೈದಿದ್ದರೆ ನಾನೂ ಒಂದು ಮಾತಾಡಿ ಹಗುರವಾಗುತ್ತಿದ್ದೆ. ಬಾಟಲಿ ಇಸಿದುಕೊಂಡು ಆಯಿತಮ್ಮ ಅಂದೆ. ನಿನ್ನ ಅಜ್ಜಿ ತಂದಿಟ್ಟ ಕಾಫಿಯನ್ನು ಅವಳು ಮುಟ್ಟಲಿಲ್ಲ.

ಆ ಬಾಟಲಿಯನ್ನು ಈ ಕಾಗದದ ಜೊತೆಯಲ್ಲೇ ಕಳಿಸಿದ್ದೇನೆ. ಅದಕ್ಕೆ ನಾನು ಏನೂ ಹಾಕಿಲ್ಲ. ಅದರಲ್ಲಿ ವೈರಸ್ಸು ಇವೆಯೋ ಇಲ್ಲವೋ ನನಗೆ ತಿಳಿಯದು. ಗೂಡು ಬೇಯಿಸುವಾಗ ಅವಳು ಹಾಕುವ ಸೋಡಾ ಕೂಡ ಕೆಟ್ಟದ್ದೇ ಮಾಡುತ್ತಿರಬಹುದು. ಹೊಸದಾಗಿ ನೋಡು. ಆ ಆರು ಬಾಟಲಿಯ ಲೆಕ್ಕ ಬಿಟ್ಟುಬಿಡು. ನಿನ್ನ ಮೇಡಮ್ಮಿಗೆ, ದಾರಿಯಲ್ಲಿ ಐಸು ಕರಗಿ ಕೆಟ್ಟವು ಎಂದು ಹೇಳಿದರೂ ಸಾಕು. ತಾತನ ಹೆಸರು ಯಾಕೆ.

ಮೈ ಕಡೆ ನಿಗಾ ಇರಲಿ. ಅಜ್ಜಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದಾಳೆ, ಡಬ್ಬಿಯ ಪಕ್ಕದ ಚೀಲದಲ್ಲಿದೆ. ಕಬ್ಬಾಳಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಾತ,
ಗಂಗಹನುಮಯ್ಯ

ಮರೆತಿದ್ದೆ: ಬಸ್ಸಿನ ಹೊತ್ತಾಯಿತು, ಕಂಡಕ್ಟರು ಕೂಗುತ್ತಿದ್ದಾನೆ. ಇಲ್ಲ, ಮರೆತಿರಲಿಲ್ಲ. ಆಗ ಏನೂ ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕೆಳಗಿನದರಲ್ಲಿ ಒಂದೂ ಬದುಕಿಲ್ಲ ಎಂದು ನೀನು ಅಂದಾಗಲೇ ನನ್ನ ಎದುರಿಗೆ ಬ್ಲೀಚಿಂಗ್ ಡಬ್ಬ ಇತ್ತು, ಕೊಂದದ್ದು ನನ್ನ ಪುಡಿಯೆಂದು ಆಗಲೇ ತಿಳಿಯಿತು. ತಿಳಿದೂ ನಿನಗೆ ಶಭಾಷ್ ಅಂದೆ. ತಿಳಿದೂ ಕಟ್ಟೆಗೆ ಹೋಗಿ ಹೇಳಿದೆ. ಐಸು ಕರಗಿತು ಅನ್ನಬೇಡ ಕೂಸೇ. ಇವತ್ತು ಸಂಜೆ ಅದೇ ಕಟ್ಟೆಯಲ್ಲಿ, ಬದ್ರುನ್ನೀಸಾಳನ್ನೂ ಕರೆಸಿ ಹೇಳುತ್ತೇನೆ, ಉಪ್ಪುಕಾರ ಇಲ್ಲದೆ. ನೀನು ಕೃತಜ್ಞತೆಯ ಪುಟದಿಂದ ನನ್ನ ಹೆಸರು ತೆಗೆದು, ತಪ್ಪು ಯಾರಿಂದ ಆಯಿತೆಂದು ಬರೆಯುವ ಕಡೆಯಲ್ಲಿ ಹಾಕು. ಪೂರ್ತಿ ಹೆಸರು ಹಾಕು.