ಅಣ್ಣನ ಶೂಗಳಲ್ಲಿ ನೀವು ನಡೆದ ದಿನಗಳು

ಪ್ರೀತಿಯ ಅತ್ತಿಗೆ,

ಪಕ್ಕದ ಕೋಣೆಯಲ್ಲೇ ಇರುವವರಿಗೆ ಪತ್ರ ಬರೆಯುವ ನಾದಿನಿಯನ್ನು ಕಂಡು ನಗಬೇಡಿ. ನಾಳೆ ನೀವು ಕೆಲಸ ಮಾಡುವ ಲಾಂಡ್ರಿಯ ಹತ್ತಿರ ಹಿಡಿದಿರುವ ಹೊಸ ಮನೆಗೆ ಹೋಗುತ್ತೀರಿ. ಎದುರಿಗೆ ನಿಂತು ಹೇಳಲು ಹೊರಟರೆ ನಾನು ಅರ್ಧಕ್ಕೇ ಅಡುಗೆಮನೆಗೆ ಎದ್ದು ಹೋಗುತ್ತೇನೆ. ನೀವೋ ಮಾತು ಮರೆಸಿ ಬಟ್ಟೆ ಮಡಚಲು ಕೂರುತ್ತೀರಿ.

ಅಣ್ಣ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಾಗ ನಿಮ್ಮ ಬಟ್ಟೆಗಳ ಜೊತೆ ಅವನ ವಾಕಿಂಗ್ ಶೂಗಳನ್ನೂ ತಂದಿದ್ದಿರಿ. ಮಾರನೆಯ ಬೆಳಿಗ್ಗೆ ಅವುಗಳ ಮೂತಿಗೆ ಹತ್ತಿ ತುರುಕಿ, ಲೇಸು ಬಿಗಿದು, ವಾಕಿಂಗ್ ಹೊರಟೇಬಿಟ್ಟಿರಿ. ನಿಮ್ಮ ಕಾಲಿಗೆ ಅವು ದೋಣಿಯಂತಿದ್ದವು. ದುಃಖ ಒಬ್ಬೊಬ್ಬರಿಗೆ ಒಂದೊಂದು ಬಗೆ ಎಂದುಕೊಂಡೆ.

ಬೇಸಿಗೆ ಮುಗಿಯುವಷ್ಟರಲ್ಲಿ ನಿಮ್ಮ ಹಿಮ್ಮಡಿ ಕೈಕೊಟ್ಟಿತು. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗಲೇ ಗೋಡೆ ಹಿಡಿಯುತ್ತಿದ್ದಿರಿ. ದಿನವೆಲ್ಲ ನಿಂತು ಇಸ್ತ್ರಿ ಮಾಡುವ ಕೆಲಸ ನಿಮ್ಮದು. ಮೊದಲು ರಜೆ ಹಾಕಿದಿರಿ, ಆಮೇಲೆ ಕೆಲಸವನ್ನೇ ಬಿಡುತ್ತೇನೆ ಅಂದಿರಿ. ಆಗ ಮಾತ್ರ ನನಗೆ ದಿಗಿಲಾಯಿತು. ಆ ಬಿಸಿ ಹಬೆ, ಗೆಳತಿಯರ ಹರಟೆ, ಸ್ವಂತ ದುಡಿಮೆಯ ಗತ್ತು, ಇವಿಷ್ಟೇ ನಿಮಗೆ ಉಳಿದಿದ್ದು. ಅದೂ ಹೋದರೆ ನೀವು ಆ ಕೋಣೆ ಬಿಟ್ಟು ಏಳುವುದಿಲ್ಲವೆಂದು ಹೆದರಿದೆ.

ನಾನು ಒತ್ತಾಯಿಸಿ ಕರೆದೊಯ್ದಾಗ ಫಿಸಿಯೋಥೆರಪಿಸ್ಟ್ ನಿಮ್ಮ ಪಾದ ಒತ್ತಿ ನೋಡಿದಳು, ಆಮೇಲೆ ಶೂ ತಿರುಗಿಸಿದಳು. ಅಟ್ಟೆ ಹೊರಮಗ್ಗುಲಿಗೆ ಸವೆದು ವಾರೆಯಾಗಿತ್ತು.

"ಇದು ಯಾರ ಶೂ?"

"ನಮ್ಮೆಜಮಾನ್ರದ್ದು."

ಒಳಗೆ ಹಾಸುವ ಒಳ್ಳೆಯ ಮೆತ್ತೆ, ಇನ್‌ಸೋಲ್, ಹಾಕಿದರೆ ಸಾಲದೇ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅವಳು ಮೆಲ್ಲಗೆ ಹೇಳಿದಳು: "ಒಳಗೆ ಏನೇ ಹಾಕಿದ್ರೂ ಇದು ಅವರು ನಡೆದ ಕಡೆಗೇ ವಾಲುತ್ತೆ. ಇವರ ನಡಿಗೆ ಬೇರೆ ಅಲ್ವಾ?"

ಬಸ್ಸಿನಲ್ಲಿ ನೀವು ಕಿಟಕಿಯತ್ತ ತಿರುಗಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ದಿನಾ ಕರೀತಿದ್ರು, ವಾಕಿಂಗ್ ಬಾರೇ ಅಂತ. ಕೆಲಸ ಇದೆ, ನೀವು ಹೋಗಿ ಅಂತಿದ್ದೆ. ಈಗ್ಲಾದ್ರೂ ಜೊತೆಗೆ ಹೋಗೋಣ ಅನ್ನಿಸ್ತು." ನಾನು ನಿಮ್ಮ ಕೈ ಹಿಡಿದುಕೊಂಡು ಕೂತೆ.

ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಶೂ ಕೊಳ್ಳಲು ಅದೇ ಸರಿಯಾದ ಹೊತ್ತು ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರಿಂದ ಸಂಜೆಯೇ ಅಂಗಡಿಗೆ ಹೋದೆವು. ಮದುವೆಯಲ್ಲಿ ಕೊಂಡ ಚಪ್ಪಲಿಯ ಅಳತೆಯನ್ನೇ ನೀವು ಪಟ್ಟುಹಿಡಿದು ಕೇಳಿದಿರಿ. ಅಂಗಡಿಯವಳು ಶೂ ಒಳಗಿನ ಇನ್‌ಸೋಲ್ ಎಳೆದು ನೆಲಕ್ಕೆ ಹಾಕಿ, "ಇದರ ಮೇಲೆ ನಿಂತ್ಕೊಳ್ಳಿ" ಅಂದಳು. ನಿಮ್ಮ ಪಾದ ಎರಡೂ ಕಡೆ ಹೊರಗೆ ಚಾಚಿತ್ತು. "ನಾನು ದಪ್ಪ ಆಗಿದೀನಿ ಸರಿ, ಪಾದಾನೂ ಆಯ್ತಾ?" ಎಂದು ನೀವು ಮುಖ ಸಿಂಡರಿಸಿದಾಗ ನನಗೆ ನಗು ತಡೆಯಲಿಲ್ಲ. ಆಮೇಲೆ ಮೋಡದಂತೆ ಮೆತ್ತಗಿರುವ ಜೋಡಿಗೆ ಮನಸೋತಿರಿ. ಅವಳು ಅದನ್ನು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿ ತೋರಿಸಿದಳು. ಅಷ್ಟು ಬಳುಕುವುದು ಪಾದಕ್ಕೆ ಆಸರೆ ಕೊಡದೆಂದು ನಿಮಗೇ ಅರ್ಥವಾಯಿತು. ಕೊನೆಗೆ ಆರಿಸಿದ್ದು ಹಿಮ್ಮಡಿ ಗಟ್ಟಿ ಹಿಡಿಯುವ, ಬೆರಳುಗಳಿಗೆ ಜಾಗವಿರುವ ಬೂದು ಬಣ್ಣದ ಜೋಡಿ. ಅದರೊಳಗೆ ಪಾದದ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್.

ಮೊದಮೊದಲು ಅದರ ಮೇಲೆ ನಿಂತರೆ ಕಲ್ಲು ತುಳಿದ ಹಾಗಿದೆ ಎಂದು ಗೊಣಗಿದಿರಿ. ಮನೆಯೊಳಗೇ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡಿದಿರಿ, ಮೆಟ್ಟಿಲ ತುದಿಯಲ್ಲಿ ನಿಂತು ಮೀನಖಂಡ ಎಳೆಯುವ ವ್ಯಾಯಾಮ ಮಾಡಿದಿರಿ. ಆಮೇಲೆ ಬೀದಿಯ ತಿರುವಿನವರೆಗೆ, ಆಮೇಲೆ ಪಾರ್ಕಿನವರೆಗೆ. ನೋವು ಒಂದೇ ಸಲ ಹೋಗಲಿಲ್ಲ. ಒಂದು ಬೆಳಿಗ್ಗೆ ನೀವು ಗೋಡೆ ಹಿಡಿಯದೆ ಅಡುಗೆಮನೆಗೆ ಬಂದಿರಿ. ನಾನು ಗಮನಿಸಿದೆ, ಕಣ್ಣು ಬಿದ್ದೀತೆಂದು ಹೇಳಲಿಲ್ಲ.

ಲಾಂಡ್ರಿಗೆ ಮರಳುವ ಹಿಂದಿನ ದಿನ ಪಾರ್ಕಿನಲ್ಲಿ ನಿಮ್ಮ ಸಮಕ್ಕೆ ನಡೆಯಲಾಗದೆ ನಾನು ಏದುಸಿರು ಬಿಡುತ್ತಿದ್ದೆ. ನೀವು ತಿರುಗಿ ನಿಂತು, "ಅಣ್ಣ ತಂಗಿ ಇಬ್ರೂ ಆಮೆಗಳೇ. ನಿಮ್ಮಣ್ಣನ ಜೊತೆ ವಾಕಿಂಗ್ ಹೋಗಿದ್ರೆ ದಿನಾ ಜಗಳ ಆಗಿರೋದು ಕಣೇ" ಅಂದಿರಿ. ಅವನು ಹೋದಮೇಲೆ ಅವನ ಮಾತೆತ್ತಿ ನೀವು ನಕ್ಕಿದ್ದು ಅದೇ ಮೊದಲು. ನನಗಾಗಿ ಕಾಯದೆ ಬಿರಬಿರನೆ ಮುಂದೆ ಹೋದಿರಿ. ಹೋಗಲಿ ಎಂದು ನಾನೂ ಹಿಂದೆಯೇ ಉಳಿದೆ.

ನಿಮ್ಮ ಕಾಲು ತಣ್ಣಗಿರಲಿ, ಅತ್ತಿಗೆ. ಭಾನುವಾರಗಳಂದು ಈ ಕಡೆಗೂ ನಡೆದು ಬನ್ನಿ.

ನಿಮ್ಮ ನಿಧಾನದ ನಾದಿನಿ